ಮನುಷ್ಯರಿಗೆ ಮೈನಸ್ ಬರುವುದಿಲ್ಲ

ತೊಟ್ಟಿಗೆ ನೀರು ತುಂಬುವ ಕೊಳಾಯಿಗೆ ಪ್ಲಸ್. ನೀರು ಸೋರಿಹೋಗುವ ತೂತಿಗೆ ಮೈನಸ್. ಮನುಷ್ಯರಿಗೆ ಮಾತ್ರ ಮೈನಸ್ ಬರುವುದಿಲ್ಲ. ಬಂದರೆ ಎಲ್ಲೋ ಎಡವಿದ್ದೀರಿ ಎಂದರ್ಥ, ಮೇಲಿನಿಂದ ಮತ್ತೆ ಮಾಡಿ. ಕೋಚಿಂಗ್ ಸೆಂಟರಿನಲ್ಲಿ ‘ಕೆಲಸ ಮತ್ತು ಕಾಲ’ದ ಪಾಠ ಬಂದಾಗ ಪ್ರತಿ ಬ್ಯಾಚಿಗೂ ನಾನು ಇದನ್ನೇ ಹೇಳುತ್ತಿದ್ದೆ. ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ನಾನು ಕಲಿಸಿದ್ದರಲ್ಲಿ ಯಾರೂ ಮರು ಪ್ರಶ್ನೆ ಕೇಳದ ಮಾತು ಅದೊಂದೇ.

ಆ ಭಾನುವಾರ ಮಧ್ಯಾಹ್ನ ತಂಗಿ ಅದೇ ಪಾಠ ಹಿಡಿದು ಕೂತಿದ್ದಳು. ನರ್ಸಿಂಗ್ ಕೋರ್ಸಿನ ಪ್ರವೇಶ ಪರೀಕ್ಷೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಉಳಿದದ್ದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಇದೊಂದು ಮಾತ್ರ ಗಂಟಲಲ್ಲಿ ನಿಂತಿತ್ತು.

“‘ಎ’ ಅನ್ನೋನು ಹನ್ನೆರಡು ದಿನ ಗೋಡೆ ಕಟ್ತಾನೆ. ‘ಬಿ’ ಅನ್ನೋನು ಹದಿನೆಂಟು ದಿನ ಕಟ್ತಾನೆ. ಇವರಿಗೆ ಹೊಟ್ಟೆನೋವು ಬರಲ್ವಾ, ಜಗಳ ಆಗಲ್ವಾ? ನನಗೆ ಇವರ ಮುಖಾನೇ ಕಾಣಲ್ಲ ಅಣ್ಣ.”

“ಮುಖ ಕಾಣದಿದ್ರೆ ಗೊತ್ತಿರೋರನ್ನ ಹಾಕ್ಕೋ,” ಎಂದೆ. ಇದೂ ನಾನು ತರಗತಿಯಲ್ಲಿ ಹೇಳಿಕೊಡುವ ಉಪಾಯವೇ.

ಗೊತ್ತಿದ್ದವರು ಅಲ್ಲೇ ಇದ್ದರು. ಅಮ್ಮ ಮತ್ತು ಕತ್ತರಿ ಅತ್ತೆ ಕಿಟಕಿಯ ಕೆಳಗೆ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದರು. ಇಬ್ಬರೂ ಒಂದೇ ಬೈಂಡಿಂಗ್ ಕಾರ್ಖಾನೆಯಲ್ಲಿ, ಒಂದೇ ಬೆಂಚಿನಲ್ಲಿ ಪುಸ್ತಕ ಹೊಲಿಯುವವರು. ಅತ್ತೆ ನಮಗೆ ರಕ್ತಸಂಬಂಧವೇನಲ್ಲ. ಕೊರಳಿಗೆ ದಾರ ಕಟ್ಟಿ ಕತ್ತರಿ ನೇತುಹಾಕಿಕೊಳ್ಳುವ ಅಭ್ಯಾಸ ಅವರಿಗೆ, ರಜೆಯ ದಿನವೂ ತೆಗೆಯುವುದಿಲ್ಲ. ನಾಲಿಗೆಯೂ ಹಾಗೇ ಇದ್ದದ್ದರಿಂದ ಹೆಸರು ಅಂಟಿಕೊಂಡಿತು. ಗಂಡ ಬಹಳ ಹಿಂದೆಯೇ ಹೋದರು, ಮಕ್ಕಳಿಲ್ಲ. ಭಾನುವಾರವೆಂದರೆ ನಮ್ಮ ಮನೆ. ಬರುವಾಗ ಚೀಲದಲ್ಲಿ ತಂಗಿಗೆ ಎರಡು ಮೂರು ಪುಸ್ತಕ ತರುತ್ತಿದ್ದರು. ಕಾರ್ಖಾನೆಯಲ್ಲಿ ಹೊಲಿಯುವುದು ಹೆಚ್ಚಾಗಿ ಪರೀಕ್ಷಾ ಗೈಡುಗಳೇ. ಪುಟ ಹಿಂದುಮುಂದಾಗಿ ಹಾಳಾದ ಪ್ರತಿಗಳು ಪುಕ್ಕಟೆ. ನಮ್ಮ ಮನೆಯ ಗೈಡುಗಳಲ್ಲಿ ಪ್ರಶ್ನೆ ಒಂದು ಕಡೆ ಇದ್ದರೆ ಉತ್ತರ ಇನ್ನೊಂದು ಪಾಠ ದಾಟಿ ಇರುತ್ತಿತ್ತು. ತಂಗಿ ಅದನ್ನೂ ರೂಢಿ ಮಾಡಿಕೊಂಡಿದ್ದಳು.

“ಒಂದನೇ ತಾರೀಖಿಂದ ಜೋಡಿ ಬೆಂಚು ಇಲ್ವಂತೆ,” ಅಮ್ಮ ಬಟಾಣಿಯ ಮೇಲೆ ಕಣ್ಣಿಟ್ಟೇ ಹೇಳಿದಳು. “ಮೆಷಿನ್ ಬರುತ್ತಂತೆ, ಇನ್ನು ಇಷ್ಟು ಕೈ ಬೇಡ್ವಂತೆ. ಒಬ್ಬೊಬ್ಬರನ್ನೇ ಕೂರಿಸ್ತಾರಂತೆ. ಬೆಳಿಗ್ಗೆ ಕೂತವರು ಸಂಜೆ ಗಂಟೆ ಹೊಡೆಯೋದ್ರೊಳಗೆ ಒಂದು ಕಟ್ಟು ಪುಸ್ತಕ ಹೊಲಿದು ಮುಗಿಸಿದ್ರೆ ಇರಬಹುದು. ಇಲ್ದಿದ್ರೆ ಮನೆಗೆ.”

“ನಿನಗೇನಮ್ಮ ಭಯ?” ಎಂದಳು ತಂಗಿ.

“ನನಗೇನು ಭಯ! ಆ ಬೆಂಚುಗಳಲ್ಲಿ ಅರ್ಧ ಜನಕ್ಕೆ ಸೂಜಿ ಹಿಡಿಯೋದು ಕಲಿಸಿದ್ದೇ ನಾನು. ಇವಳನ್ನ ಕೇಳು. ಬಂದ ಹೊಸದರಲ್ಲಿ ಪುಸ್ತಕದ ಜೊತೆ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ಲು.”

“ಹೇಳೇ, ಊರಿಗೆಲ್ಲ ಡಂಗುರ ಹೊಡಿ,” ಎಂದರು ಅತ್ತೆ. ನಗಲಿಲ್ಲ. ಅದನ್ನು ನಾನು ಗಮನಿಸಿದ್ದು ಆಮೇಲೆ, ನೆನಪಿನಲ್ಲಿ.

ತಂಗಿ ಪೆನ್ಸಿಲ್ ಎತ್ತಿಕೊಂಡಳು. “ಸರಿ, ಎ ಅತ್ತೆ, ಬಿ ಅಮ್ಮ. ಅಮ್ಮ, ನೀವಿಬ್ಬರೂ ಸೇರಿ ಒಂದು ಕಟ್ಟು ಎಷ್ಟು ಹೊತ್ತಲ್ಲಿ ಮುಗಿಸ್ತೀರಾ?”

“ಐದು ಗಂಟೆ.”

“ಅತ್ತೆ ಒಬ್ಬರೇ ಆದ್ರೆ?”

“ನಾನಾ? ಮೊನ್ನೆ ನಿಮ್ಮಮ್ಮ ಜ್ವರ ಅಂತ ಮಲಗಿದ್ಲಲ್ಲ, ಅವತ್ತು ಒಬ್ಬಳೇ ಕೂತು ನಾಲ್ಕೇ ಗಂಟೇಲಿ ಮುಗಿಸಿ ಕೈ ತೊಳ್ಕೊಂಡೆ! ಮಾಲೀಕರೇ ಬಂದು…” ಅಲ್ಲಿಗೆ ಅತ್ತೆಯ ಮಾತು ನಿಂತಿತು. ಅವರ ಮಾತು ಅಷ್ಟು ಥಟ್ಟನೆ ನಿಂತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಂಗಿ ಆಗಲೇ ಲೆಕ್ಕದೊಳಗೆ ಇಳಿದಿದ್ದಳು. “ಗಂಟೆಗೆ ಇಬ್ಬರೂ ಸೇರಿ ಐದರಲ್ಲಿ ಒಂದು ಭಾಗ. ಅತ್ತೆ ಒಬ್ಬರೇ ನಾಲ್ಕರಲ್ಲಿ ಒಂದು ಭಾಗ. ಅದರಿಂದ ಇದನ್ನ ಕಳೆದ್ರೆ ಅಮ್ಮಂದು… ಅಣ್ಣ, ಮೈನಸ್ ಬಂತು.”

“ತಪ್ಪಿದ್ದೀಯ. ಮೇಲಿನಿಂದ ಮತ್ತೆ ಮಾಡು.”

ಮತ್ತೆ ಮಾಡಿದಳು. ಪಕ್ಕದಲ್ಲಿ ನಿಂತು ನಾನೂ ನೋಡಿದೆ. ತಪ್ಪಿರಲಿಲ್ಲ. ಮೈನಸ್, ಇಪ್ಪತ್ತರಲ್ಲಿ ಒಂದು.

“ಅಮ್ಮ, ನೀನು ತೊಟ್ಟಿಯ ತೂತು ಕಣಮ್ಮ!” ತಂಗಿ ಹೊಟ್ಟೆ ಹಿಡಿದು ನಕ್ಕಳು. “ಇಪ್ಪತ್ತು ಗಂಟೆ ನಿನ್ನನ್ನ ಬಿಟ್ರೆ ಇಡೀ ಕಟ್ಟನ್ನ ಬಿಚ್ಚಿ ಗುಡ್ಡೆ ಹಾಕ್ತೀಯ!”

ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಗುತ್ತಾ ಅತ್ತೆಯ ಕಡೆ ತಿರುಗಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವರ ಕೈ ಕೊರಳ ಕತ್ತರಿಯನ್ನು ಹಿಡಿದುಕೊಂಡಿತ್ತು.

“ನಾಲ್ಕಲ್ಲ ಪುಟ್ಟಿ, ಎಂಟು,” ಎಂದರು. “ಸುಮ್ನೆ ಜಂಬಕ್ಕೆ ಹೇಳ್ದೆ. ಎಂಟು ಅಂತ ಬರ್ಕೋ.”

“ಹಾಗೆ ಬನ್ನಿ ದಾರಿಗೆ!” ತಂಗಿ ನಾಲ್ಕನ್ನು ಅಳಿಸಿದಳು. ಪ್ಲಸ್ ಬಂತು. ಮನೆಯಲ್ಲಿ ಎಲ್ಲವೂ ಸರಿಯಾಯಿತು. ಅತ್ತೆ ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು.

ಕತ್ತರಿ ಅತ್ತೆ ಜಂಬ ಕೊಚ್ಚಿಕೊಂಡದ್ದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಕೊಚ್ಚಿಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಕೇಳಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋದ ಮೇಲೆ ತಂಗಿಯ ಗೈಡುಗಳನ್ನು ಕಪಾಟಿನಿಂದ ಇಳಿಸಿದೆ. ಎಷ್ಟೊಂದಿದ್ದವು! ಒಂದು ಕಾಲಕ್ಕೆ ವರ್ಷಕ್ಕೊಂದೋ ಎರಡೋ ಬರುತ್ತಿದ್ದುದು ಈಗ ಎರಡು ಅಟ್ಟಣೆ ತುಂಬಿ ಮೂರನೆಯದಕ್ಕೆ ಹತ್ತಿತ್ತು. ಒಂದರ ಹೊದಿಕೆ ಕಿತ್ತು ಬೆನ್ನು ನೋಡಿದೆ.

ಪುಸ್ತಕವೆಂದರೆ ಮಡಚಿದ ಹಾಳೆಗಳ ಹಲವು ಮಡಿಕೆಗಳನ್ನು ಸಾಲಾಗಿ ಜೋಡಿಸಿ ಬೆನ್ನಿನಲ್ಲಿ ಹೊಲಿದದ್ದು. ಪ್ರತಿ ಮಡಿಕೆಯ ಬೆನ್ನಿಗೂ ಒಂದು ಸಣ್ಣ ಕಪ್ಪು ಗುರುತು ಅಚ್ಚಾಗಿರುತ್ತದೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಸರಿಯಾಗಿ ಜೋಡಿಸಿದರೆ ಆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿದುಬರುತ್ತವೆ. ಒಂದು ಮಡಿಕೆ ಅದಲುಬದಲಾದರೂ ಮೆಟ್ಟಿಲು ಮುರಿಯುತ್ತದೆ. ಪುಟಸಂಖ್ಯೆ ನೋಡಬೇಕಾಗಿಯೇ ಇಲ್ಲ. ನಾವು ಚಿಕ್ಕವರಿದ್ದಾಗ ಅಮ್ಮ ಕಲಿಸಿದ ಮೊದಲ ಆಟ ಅದು. “ಬೆರಳಿಡು, ಇಳಿ. ಜಾರಿ ಬಿದ್ದೆಯಾ? ಹಾಗಾದ್ರೆ ಎಲ್ಲಿ ಮುರಿದಿದೆ ಹೇಳು.”

ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಮೆಟ್ಟಿಲೇ ಇರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ಕಪ್ಪು ಗುರುತುಗಳು ಬೆನ್ನಿನ ಉದ್ದಕ್ಕೂ ಚೆಲ್ಲಿದ ಸಾಸಿವೆಯ ಹಾಗೆ ಬಿದ್ದಿದ್ದವು. ಹೊಲಿಗೆ ಮಾತ್ರ ಅಚ್ಚುಕಟ್ಟು. ಪ್ರತಿ ಗಂಟಿನ ಪಕ್ಕ ದಾರವನ್ನು ಒಂದು ಸುತ್ತು ಹೆಚ್ಚಿಗೆ ಸುತ್ತಿ ಬಿಗಿದಿತ್ತು. ಹಾಗೆ ಬಿಗಿಯುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಅಮ್ಮ ಹಾಕಿಕೊಟ್ಟದ್ದು ಅದೇ ಗಂಟು.

ಹಾಳಾದ ಪ್ರತಿಗಳು ಎಲ್ಲಿಂದ ಬರುತ್ತಿವೆ ಎಂದು ನಾವು ಒಂದು ದಿನವೂ ಕೇಳಿರಲಿಲ್ಲ.

ಕಾರ್ಖಾನೆಗೆ ನಡೆದುಕೊಂಡೇ ಹೋದೆ. ಹಿಂದಿನ ಓಣಿಯ ಕಡೆ ಒಂದು ಜಾಲರಿ ಕಿಟಕಿ ಇದೆ. ಅಂಟಿನ ವಾಸನೆ, ಕತ್ತರಿಸುವ ಯಂತ್ರದ ದಪ್ಪ ಸದ್ದು. ಅವರ ಬೆಂಚು ಆ ಕಿಟಕಿಗೇ ಹತ್ತಿರ. ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮಡಿಕೆಗಳನ್ನು ಎತ್ತಿ, ಜೋಡಿಸಿ, ಮೇಜಿಗೆ ಟಕ್ ಟಕ್ ಎಂದು ಕುಟ್ಟಿ ಸಮ ಮಾಡಿ, ಸೂಜಿ ಹಾಕಿ ಎಳೆಯುತ್ತಿದ್ದಳು. ಆ ಕೈಗಳ ವೇಗ, ಆ ನಿಶ್ಚಯ! ಒಂದು ಕ್ಷಣ ನನಗೆ ನಗು ಬಂತು. ಏನೆಲ್ಲ ಯೋಚಿಸಿಬಿಟ್ಟೆನಲ್ಲ ಎಂದುಕೊಂಡೆ.

ಅಮ್ಮ ಹೊಲಿದ ಪುಸ್ತಕಗಳನ್ನು ಅತ್ತೆಯ ಕಡೆ ಸರಿಸಿ, ಅಂಟು ತರಲು ಎದ್ದು ಹೋದಳು. ಅವಳು ಬಾಗಿಲು ದಾಟಿದ್ದೇ ತಡ, ಅತ್ತೆಯ ಕೊರಳ ಕತ್ತರಿ ಕೈಗೆ ಬಂತು. ಕಚ್. ದಾರ ತುಂಡಾಯಿತು. ಮಡಿಕೆಗಳು ಬಿಡಿಬಿಡಿಯಾದವು. ಇಸ್ಪೀಟು ಜೋಡಿಸುವವರ ಹಾಗೆ ಅವನ್ನು ಅಲ್ಲಿಂದಿಲ್ಲಿಗೆ ಸರಿಸಿ, ಬೆನ್ನು ನೋಡಿ, ಮತ್ತೆ ಸೂಜಿ ಹಾಕಿದರು. ಹಳೆಯ ದಾರದ ತುಂಡುಗಳನ್ನು ಮಡಿಲಿಗೆ ಗುಡಿಸಿಕೊಂಡರು. ಮುಂದಿನದು. ಕಚ್. ಅಮ್ಮನ ಹೆಜ್ಜೆ ಕೇಳಿದಾಗ ಕತ್ತರಿ ಮತ್ತೆ ಎದೆಯ ಮೇಲೆ ತೂಗುತ್ತಿತ್ತು. ಸಮಯ ಸಾಲದೆ ಉಳಿದ ಎರಡು ಪುಸ್ತಕ ಅವರ ಚೀಲದೊಳಗೆ ಹೋದವು.

ನಾನು ಜಾಲರಿಗೆ ಆತು ನಿಂತಿದ್ದೆ. ಮೈನಸ್ ಎಂಬುದಕ್ಕೆ ಒಂದು ಸದ್ದು ಇರುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆ ಕೈ ತೊಳೆಯಲು ಹಿಂದಿನ ಮೆಟ್ಟಿಲಿಗೆ ಬಂದಾಗ ನಾನು ಅಲ್ಲೇ ಕೂತಿದ್ದೆ. ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು.

“ಮೇಷ್ಟ್ರು ತನಿಖೆಗೆ ಬಂದಿದ್ದೀರೋ?”

“ಎಷ್ಟು ದಿನದಿಂದ ಅತ್ತೆ?”

“ದಿನ ಎಣಿಸೋ ಚಾಳಿ ನಿಂದು. ನನಗೆ ಗೊತ್ತಿಲ್ಲ.” ನಲ್ಲಿ ತಿರುಗಿಸಿದರು, ಕೈ ಒಡ್ಡಲಿಲ್ಲ. “ಮೊದಲು ಅಪರೂಪಕ್ಕೊಂದು ತಪ್ತಿತ್ತು. ಯಾರಿಗೆ ತಪ್ಪಲ್ಲ? ಆಮೇಲೆ ಕಟ್ಟಿಗೆ ಹತ್ತು. ಈಗ ಸರಿಯಾಗಿರೋದನ್ನೇ ಹುಡುಕಬೇಕು.”

“ಅಮ್ಮಂಗೆ ಗೊತ್ತಾ?”

“ಗೊತ್ತಿದ್ರೆ ಅವಳು ಹಾಗೆ ನಗ್ತಿದ್ಲೇನೋ, ಪೆದ್ದು! ಹೊಲಿದು ಮುಗಿಸಿ ಬೆನ್ನು ಸವರಿ ನೋಡ್ತಾಳೆ. ಅವಳಿಗೆ ಅಲ್ಲಿ ಮೆಟ್ಟಿಲು ಕಾಣುತ್ತೆ. ನನ್ನಾಣೆಗೂ ಕಾಣುತ್ತೆ.” ಅವರ ದನಿ ಒಡೆಯಿತು. “ಒಂದನೇ ತಾರೀಖು ಅವಳನ್ನ ಒಬ್ಬಳನ್ನೇ ಕೂರಿಸ್ತಾರೆ. ಎಲ್ಲರ ಮುಂದೆ. ನಾನು ಆಚೆ ತುದಿ ಬೆಂಚಲ್ಲಿ. ನನ್ನ ಕತ್ತರಿ ಅಲ್ಲಿಗೆ ಎಟುಕುತ್ತೇನೋ?”

ನಲ್ಲಿ ಸುರಿಯುತ್ತಲೇ ಇತ್ತು. ಅವರ ತೋರುಬೆರಳಿನ ಒಳಬದಿ ದಾರ ಎಳೆದೆಳೆದು ಸೀಳಿತ್ತು. ಎರಡು ಸಲ ಹೊಲಿಯುವವರ ಬೆರಳು.

ಹೇಗೆ ಹೇಳುವುದೆಂದು ಮನೆಯವರೆಗೂ ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ಸಂಜೆ ಅಮ್ಮ ಬಂದು ಮುಖ ತೊಳೆದ ಮೇಲೆ, ಹೊದಿಕೆ ಕಿತ್ತ ಆ ಗೈಡಿನ ಮಡಿಕೆಗಳನ್ನು ಬಿಡಿಸಿ ಮೇಜಿನ ಮೇಲಿಟ್ಟೆ. “ಇದು ಬಿಚ್ಚಿಹೋಗಿದೆ. ಸರಿಯಾಗಿ ಜೋಡಿಸಿ ಕೊಡಮ್ಮ,” ಎಂದೆ. ನನ್ನ ಮನಸ್ಸು ಆಗಲೂ ಅತ್ತೆಯೇ ಸುಳ್ಳು ಹೇಳಿರಲಿ ಎಂದು ಹಾರೈಸುತ್ತಿತ್ತು.

“ಮೇಷ್ಟ್ರಾದ್ರೂ ಪುಸ್ತಕ ಹಿಡಿಯೋಕೆ ಬರಲ್ಲ,” ಎನ್ನುತ್ತಾ ಅಮ್ಮ ಕೂತಳು. ಕೈಗಳು ಹಾರಿದವು. ಟಕ್ ಟಕ್. ಬೆನ್ನನ್ನು ನಮ್ಮ ಕಡೆ ತಿರುಗಿಸಿ, ಮೇಲಿನಿಂದ ಕೆಳಕ್ಕೆ ಬೆರಳು ಇಳಿಸಿದಳು. “ನೋಡು. ಹೇಗೆ ಇಳಿದು ಬಂದಿದೆ, ಮೆಟ್ಟಿಲು!”

ಇಳಿದು ಬಂದಿರಲಿಲ್ಲ. ಮೂರನೆಯ ಗುರುತು ತಳದಲ್ಲಿತ್ತು. ಕೊನೆಯದು ನಡುವೆ. ಅಮ್ಮನ ಬೆರಳು ಇಲ್ಲದ ಮೆಟ್ಟಿಲುಗಳ ಮೇಲೆ ಒಂದೊಂದಾಗಿ, ನಿಧಾನವಾಗಿ, ಹೆಮ್ಮೆಯಿಂದ ಕಾಲಿಡುತ್ತಿತ್ತು.

“ಅಮ್ಮ, ಅದು ಮುರಿ…” ಎಂದ ತಂಗಿ ನನ್ನ ಮುಖ ನೋಡಿದಳು. ಉಳಿದ ಮಾತನ್ನು ನುಂಗಿಕೊಂಡಳು. ಅವಳು ಬುದ್ಧಿವಂತೆ. ಅವಳ ಕಣ್ಣು ಗೋಡೆಯ ಕಪಾಟಿಗೆ ಹೋಯಿತು, ಅಲ್ಲಿಂದ ಭಾನುವಾರದ ಲೆಕ್ಕದ ಹಾಳೆಗೆ. ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಅಮ್ಮ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಪುಸ್ತಕವನ್ನು ನೋಡಿದಳು. ಮತ್ತೆ ನಮ್ಮನ್ನು.

“ಏನು?” ಎಂದಳು. “ಸರಿಯಾಗಿಲ್ವಾ?”

ಅವಳಿಗೆ ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. ನಿಜ ಹೇಳುವ ಶಕ್ತಿಯೂ ಇರಲಿಲ್ಲ. ಆದರೂ ಹೇಳಿದೆ. ಕಪಾಟಿನ ಪುಸ್ತಕಗಳು, ಕತ್ತರಿ, ದಾರದ ತುಂಡುಗಳು. ಐದು ಗಂಟೆ, ನಾಲ್ಕು ಗಂಟೆ. ನಾನು ಹೇಳುತ್ತಿದ್ದಷ್ಟು ಹೊತ್ತೂ ಅಮ್ಮ ಪುಸ್ತಕದ ಬೆನ್ನಿನಿಂದ ಬೆರಳು ತೆಗೆಯಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ, ಸುಟ್ಟು, ವಾಸನೆ ಬಂದರೂ ಯಾರೂ ಏಳಲಿಲ್ಲ.

ಕಡೆಗೆ ಅಮ್ಮ ಕೇಳಿದ್ದು ಒಂದೇ ಮಾತು. “ಹಾಗಾದ್ರೆ ಅವಳು ಎಲ್ಲಾನೂ ಎರಡೆರಡು ಸಲ ಹೊಲೀತಿದ್ದಾಳಾ? ಅವಳ ಬೆರಳು ಏನಾಗಿದೆ ನೋಡಿದ್ಯಾ?”

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೀಪ ಬಿಟ್ಟು ನೋಡಿದರು, ಅಕ್ಷರ ಓದಿಸಿದರು. ಕಣ್ಣು ಸರಿಯಾಗಿದೆ ಎಂದರು. ಆಮೇಲೆ ಅಮ್ಮನನ್ನು ಹೊರಗೆ ಕೂರಿಸಿ ಇನ್ನೊಬ್ಬ ಡಾಕ್ಟರಿಗೆ ಚೀಟಿ ಬರೆದರು. ‘ಸರಿಯಾಗಿದೆ’ ಎಂಬ ಮಾತು ಅಷ್ಟು ಹೆದರಿಸಬಲ್ಲದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಇನ್ನೊಬ್ಬ ಡಾಕ್ಟರು ಹೇಳಿದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲೂ ನಾವು ಅದನ್ನು ಹೇಳುವುದಿಲ್ಲ.

ಒಂದನೇ ತಾರೀಖಿಗೆ ಒಂದು ದಿನ ಉಳಿದಿತ್ತು. ಮಾಲೀಕರನ್ನು ನಾನು ಹೋಗಿ ಕೇಳುತ್ತೇನೆ, ಬೇರೆ ಏನಾದರೂ ಕೆಲಸ ಕೊಡುತ್ತಾರೆ ಎಂದೆ. ಅಮ್ಮ ತಲೆ ಬಾಚಿಕೊಳ್ಳುತ್ತಿದ್ದಳು. ಹಣಿಗೆ ನಿಲ್ಲಿಸಿ ತಂಗಿಯನ್ನು ಕರೆದಳು.

“ಪುಟ್ಟಿ, ಸೊನ್ನೆ ದೊಡ್ಡದೋ ಮೈನಸ್ ದೊಡ್ಡದೋ?”

“ಸೊನ್ನೆ ದೊಡ್ಡದು ಅಮ್ಮ.”

“ಮತ್ತೆ?” ಎಂದಳು ಅಮ್ಮ ನನ್ನ ಕಡೆ ತಿರುಗಿ. “ಮೈನಸ್ಸಾಗಿ ಬೆಂಚಲ್ಲಿ ಕೂರೋದಕ್ಕಿಂತ ಸೊನ್ನೆಯಾಗಿ ಮನೇಲಿ ಕೂತರೆ ನಾನೇ ಹೆಚ್ಚು ತಾನೇ? ನೀನೇ ಕಲಿಸಿದ ಲೆಕ್ಕ.”

ಹಣಿಗೆ ಇಟ್ಟು ಕಾರ್ಖಾನೆಯ ಚೀಲ ಎತ್ತಿಕೊಂಡಳು.

ಅವತ್ತು ನಾನೂ ಜೊತೆಗೆ ಹೋದೆ. ಮಾಲೀಕರಿಗೆ ಅಮ್ಮ ಹೇಳಿದ್ದು ಎರಡೇ ಮಾತು: ಕೈಲಾಗುತ್ತಿಲ್ಲ, ನಾಳೆಯಿಂದ ಬರುವುದಿಲ್ಲ. ಅವರು ದಿಗಿಲುಬಿದ್ದರು. “ನೀವೇ ಹೋದ್ರೆ ಹೇಗಮ್ಮ? ನಾಳೆ ಪರೀಕ್ಷೇಲಿ ನೀವೇ ಮೊದಲು ಅಂತ ಎಲ್ಲರ ಹತ್ರ ಪಂದ್ಯ ಕಟ್ಟಿದ್ದೆ ನಾನು!” ಅಮ್ಮ ನಕ್ಕಳು. ಆ ನಗುವನ್ನು ನೋಡಲಾರದೆ ನಾನು ಗೋಡೆಗೆ ಒರಗಿಸಿದ್ದ ರಟ್ಟುಗಳನ್ನು ನೋಡುತ್ತಾ ನಿಂತೆ.

ಆಮೇಲೆ ಬೆಂಚಿಗೆ ಬಂದಳು. ಮಡಿಕೆಯ ಅಂಚನ್ನು ತೀಡಲು ಅವಳ ಹತ್ತಿರ ಒಂದು ಮೂಳೆಯ ಪಟ್ಟಿ ಇತ್ತು. ವರ್ಷಗಟ್ಟಲೆ ಹಿಡಿದು ಹಿಡಿದು ಅವಳ ಹೆಬ್ಬೆರಳಿನ ಗುಣಿ ಅದರಲ್ಲಿ ಮೂಡಿತ್ತು. ಅದನ್ನು ಅತ್ತೆಯ ಮುಂದಿಟ್ಟಳು.

“ಇದ್ಯಾಕೆ?” ಅತ್ತೆ ಕೈಗೆತ್ತಿಕೊಳ್ಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ಎಲ್ಲವೂ ಗೊತ್ತಾಯಿತು.

“ನಿನ್ನ ಹೊತ್ತು ನಿನಗೆ ವಾಪಸ್,” ಎಂದಳು ಅಮ್ಮ. “ನಾನಿದ್ರೆ ಐದು, ಇಲ್ದಿದ್ರೆ ನಾಲ್ಕು. ಇನ್ನು ಬೇಗ ಮುಗಿಸಿ ಮನೆಗೆ ಹೋಗ್ತೀಯ.”

“ಬೇಗ ಮನೆಗೆ ಹೋಗಿ?” ಅತ್ತೆಯ ದನಿ ಇಡೀ ಕೋಣೆಗೆ ಕೇಳಿತು. ಹೊಲಿಯುತ್ತಿದ್ದವರ ಸೂಜಿಗಳು ನಿಂತವು. “ಬೇಗ ಹೋಗಿ ಯಾರ ಹತ್ರ ಮಾತಾಡ್ಲಿ? ಗೋಡೆ ಹತ್ರಾನಾ? ನಿನಗೆ ಲೆಕ್ಕ ಹೇಳಿಕೊಟ್ಟ ಈ ಮೇಷ್ಟ್ರನ್ನ ಕೇಳು, ಅದಕ್ಕೆ ಏನು ಉತ್ತರ ಬರುತ್ತೆ ಅಂತ!”

ಅಮ್ಮ ಅವರ ಬಲಗೈ ಹಿಡಿದು ತಿರುಗಿಸಿ, ಸೀಳಿದ ಬೆರಳನ್ನು ನೋಡಿದಳು. ಬಾಯಿಯ ಹತ್ತಿರ ತಂದು ಒಮ್ಮೆ ಊದಿದಳು, ಚಿಕ್ಕ ಮಕ್ಕಳಿಗೆ ಊದುವ ಹಾಗೆ.

ಮರುದಿನ, ಒಂದನೇ ತಾರೀಖು, ಕೆಲಸ ಮುಗಿಸಿ ಅತ್ತೆ ನೇರವಾಗಿ ನಮ್ಮ ಮನೆಗೇ ಬಂದರು. ಕೊರಳಲ್ಲಿ ಕತ್ತರಿ ಇರಲಿಲ್ಲ. ಕುರ್ಚಿಯಲ್ಲಿ ಕುಸಿದರು. ತಂಗಿ ನೀರು ಕೊಟ್ಟು ಮೆಲ್ಲಗೆ ಕೇಳಿದಳು, “ನಾಲ್ಕರೊಳಗೆ ಮುಗೀತಾ ಅತ್ತೆ?”

“ಆರು ಹಿಡೀತು.” ಅವರು ನೀರಿನ ಲೋಟವನ್ನೇ ನೋಡುತ್ತಿದ್ದರು. “ಪಾಸು ಮಾಡಿದ್ರು, ಅದು ಬಿಡು. ಆದ್ರೆ ಆರು ಹಿಡೀತು. ಮೊನ್ನೆ ಒಬ್ಬಳೇ ಮಾಡ್ದಾಗ ನಾಳೆ ಬರ್ತಾಳೆ ಅಂತ ಗೊತ್ತಿತ್ತು. ಇವತ್ತು ಸೂಜಿ ಹಾಕ್ದಾಗಲೆಲ್ಲ ಪಕ್ಕಕ್ಕೆ ತಿರುಗಿ ಮಾತಾಡಿಬಿಡ್ತಿದ್ದೆ.”

ಅಡುಗೆಮನೆಯಲ್ಲಿ ಅಮ್ಮ ಚಹಾಕ್ಕೆ ನೀರಿಡುತ್ತಿದ್ದಳು. ತಂಗಿ ಮೇಜಿನ ಬಳಿ ಹೋಗಿ ಒಂದು ಚೂರು ಕಾಗದದ ಮೇಲೆ ಏನೋ ಬರೆದಳು. ಒಮ್ಮೆ ನೋಡಿದಳು, ಮೇಲಿನಿಂದ ಮತ್ತೆ ಮಾಡಿದಳು. ಆಮೇಲೆ ನನ್ನ ಹತ್ತಿರ ತಂದು, ಯಾರಿಗೂ ಕೇಳದ ಹಾಗೆ ಹೇಳಿದಳು:

“ಇಬ್ಬರೂ ಸೇರಿ ಐದು. ಅತ್ತೆ ಒಬ್ಬರೇ ಆರು. ಅಣ್ಣ, ಅಮ್ಮಂಗೆ ಪ್ಲಸ್ ಬರುತ್ತೆ. ಮೂವತ್ತರಲ್ಲಿ ಒಂದು.”

ಈ ಲೆಕ್ಕ ಪರೀಕ್ಷೆಯಲ್ಲಿ ನಡೆಯುವುದಿಲ್ಲ ಎಂದು ನಾನು ಹೇಳಬೇಕಿತ್ತು. ಒಂದು ದಿನದ ಐದು, ಇನ್ನೊಂದು ದಿನದ ಆರು, ಹಾಗೆಲ್ಲ ಕಳೆಯುವ ಹಾಗಿಲ್ಲ ಎಂದು ಹೇಳಬೇಕಿತ್ತು. ಆ ಚೂರನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

“ಏನದು ಗುಸುಗುಸು?” ಅಮ್ಮ ಒಳಗಿನಿಂದ ಕೇಳಿದಳು. “ಏನೋ ಪ್ಲಸ್ಸು ಅಂದ್ಳಲ್ಲ?”

“ಏನಿಲ್ಲಮ್ಮ,” ಎಂದಳು ತಂಗಿ. “ನಿನ್ನ ಲೆಕ್ಕ. ಸರಿ ಮಾಡ್ತಿದ್ದೆ.”